ಹಳ್ಳದ ದಂಡೆಯ ಹಾದಿ

(ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿ)

ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯುವವರು ಸಾಮಾನ್ಯವಾಗಿ ದೊಡ್ಡ ವಿಷಯಗಳನ್ನೇ ಆರಿಸಿಕೊಳ್ಳುತ್ತಾರೆ. ಪ್ರಜಾಪ್ರಭುತ್ವದ ಭವಿಷ್ಯ, ವಿಜ್ಞಾನ ಮತ್ತು ಮಾನವ, ಯುವಕರ ಕರ್ತವ್ಯ — ಇವೆಲ್ಲ ಬರೆಯತಕ್ಕ ವಿಷಯಗಳೇ ಸರಿ. ಆದರೆ ನಾನು ಬರೆಯಹೊರಟಿರುವುದು ಎಂಟು ಅಡಿ ಅಗಲದ ಒಂದು ಹಾದಿಯನ್ನು ಕುರಿತು. ವಿಷಯ ಸಣ್ಣದೆಂದು ಗುರುಗಳೂ ಮಿತ್ರರೂ ಪುಟ ತಿರುವಬಾರದೆಂದು ಮೊದಲೇ ವಿನಂತಿಸಿಕೊಳ್ಳುತ್ತೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವನು. ಆ ಮೆಟ್ಟಿಲಿನವರೆಗೆ ಬಂದು ಮುಟ್ಟುವ ಹಾದಿ ಎಂಥದು ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ.

ನಮ್ಮೂರು ಬೀಳಗಿಯಿಂದ ಸಡಕಿನ ಮೇಲೆ ಒಂಬತ್ತು ಕಿಲೋಮೀಟರು. ಊರ ಮಗ್ಗುಲಲ್ಲಿ ಒಂದು ಹಳ್ಳ ಹರಿದು ಕೃಷ್ಣೆಯನ್ನು ಸೇರುತ್ತದೆ. ಅದಕ್ಕೆ ಹೆಸರಿಲ್ಲ, ನಾವು ಅದನ್ನು ಬರೇ 'ಹಳ್ಳ' ಎನ್ನುತ್ತೇವೆ. ಮಳೆಗಾಲದಲ್ಲಿ ಎರಡು ಮೂರು ತಿಂಗಳು ನೀರು, ಉಳಿದ ದಿನಗಳಲ್ಲಿ ಉಸುಕು, ಕಲ್ಲು ಮತ್ತು ದಂಡೆಯುದ್ದಕ್ಕೂ ಜಾಲಿಯ ಗಿಡಗಳು. ಈ ಹಳ್ಳದ ದಂಡೆಯ ಮೇಲೆ ಒಂದು ಕಾಲಕ್ಕೆ ಚಕ್ಕಡಿಯ ಹಾದಿ ಇತ್ತು. ನಮ್ಮ ಅಜ್ಜ ಆ ಹಾದಿಯಿಂದಲೇ ಬೀಳಗಿಯ ಸಂತೆಗೆ ಹೋಗುತ್ತಿದ್ದನಂತೆ. ಸಡಕಿಗಿಂತ ಎರಡು ಕಿಲೋಮೀಟರು ಹತ್ತಿರ, ಮೇಲಾಗಿ ನೆರಳು. ಈಗ ಆ ಹಾದಿಯಲ್ಲಿ ಹೋಗಬೇಕೆಂದರೆ ಒಂದು ಕಡೆ ಕಬ್ಬಿನ ಸಾಲು ಹಾಯಬೇಕು, ಇನ್ನೊಂದು ಕಡೆ ತಂತಿಯ ಬೇಲಿ ನುಸುಳಬೇಕು, ಮತ್ತೊಂದು ಕಡೆ ಮುಳ್ಳುಕಂಟಿಗೆ ಅಂಗಿಯನ್ನು ಒಪ್ಪಿಸಿ ಬರಬೇಕು. ಕಾರಣ ಎಲ್ಲರೂ ಸಡಕನ್ನೇ ಹಿಡಿದಿದ್ದಾರೆ.

ಸಡಕಿನ ಸ್ಥಿತಿಯನ್ನು ಈ ಸೀಮೆಯವರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಘಟಪ್ರಭೆಯ ಧೂಪದಾಳದ ಒಡ್ಡಿನಿಂದ ಹೊರಟ ಎಡದಂಡೆ ಕಾಲುವೆಯು ಮುಧೋಳ, ಜಮಖಂಡಿಗಳ ಎರಿಹೊಲಗಳಿಗೆ ನೀರುಣಿಸಿತು. ಹಿಡಕಲ್ ಜಲಾಶಯ ಅದಕ್ಕೆ ಬಲ ಕೊಟ್ಟಿತು. ಆಲಮಟ್ಟಿಯ ಹಿನ್ನೀರು ನಮ್ಮ ಬಾಗಿಲಿಗೇ ಬಂದು ನಿಂತಿತು. ನೀರಿನ ಹಿಂದೆ ಕಬ್ಬು ಬಂದಿತು, ಕಬ್ಬಿನ ಹಿಂದೆ ಕಾರಖಾನೆಗಳು ಬಂದವು. ಇದನ್ನು ನಾನು ಅಲ್ಲಗಳೆಯುವವನಲ್ಲ. ಕಬ್ಬಿನ ರೊಕ್ಕದಿಂದಲೇ ನಮ್ಮೂರಲ್ಲಿ ಪತ್ರಾಸಿನ ಮನೆಗಳು ಹೋಗಿ ಆರ್. ಸಿ. ಸಿ. ಮನೆಗಳಾದವು, ಆ ರೊಕ್ಕದಿಂದಲೇ ನನ್ನಂಥವರ ಫೀ ತುಂಬಿದೆ. ಆದರೆ ಹಂಗಾಮು ಆರಂಭವಾಯಿತೆಂದರೆ ನಾಲ್ಕೈದು ತಿಂಗಳು ಸಡಕು ನಮ್ಮದಲ್ಲ. ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರು, ಟ್ರೇಲರಿನ ಅಂಚು ಮೀರಿ ಎರಡೂ ಕಡೆಗೆ ಚಾಚಿದ ಕಬ್ಬು, ಹಿಂದೆ ಕೆಂಪು ದೀಪವಿಲ್ಲ, ಮುಂದೆ ಕಿವಿ ಕಿವುಡಾಗುವ ಹಾಡು. ಇವುಗಳ ನಡುವೆ ಬೆಳಗಿನ ಏಳು ಗಂಟೆಗೆ ಸಾಯಕಲ್ಲಿನ ಮೇಲೆ ಕಾಲೇಜಿಗೆ ಹೊರಟ ಹುಡುಗನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಬೇಕು.

ನನ್ನ ಸಾಯಕಲ್ಲು ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಸರಕಾರ ಕೊಟ್ಟದ್ದು. 2006-07ನೆಯ ಸಾಲಿನಿಂದ ನಮ್ಮ ರಾಜ್ಯದ ಸರಕಾರಿ ಶಾಲೆಗಳ ಎಂಟನೆಯ ಇಯತ್ತೆಯ ಮಕ್ಕಳಿಗೆ ಸಾಯಕಲ್ಲು ಹಂಚುತ್ತ ಬಂದು, 2020ರ ಮಹಾಮಾರಿಯ ಕಾಲಕ್ಕೆ ಅದನ್ನು ನಿಲ್ಲಿಸಿದರು. ಆ ಯೋಜನೆಯನ್ನು ನಾನು ಬಹಳ ಕೃತಜ್ಞತೆಯಿಂದ ನೆನೆಯುತ್ತೇನೆ. ಆದರೆ ಒಂದು ಮಾತನ್ನು ಕೇಳದೆ ಇರಲಾರೆ. ಲಕ್ಷಗಟ್ಟಲೆ ಮಕ್ಕಳ ಕೈಗೆ ಸಾಯಕಲ್ಲು ಕೊಟ್ಟವರು, ಅದನ್ನು ಓಡಿಸುವುದಕ್ಕೆ ಒಂದು ಮಾರು ಅಗಲದ ಹಾದಿಯನ್ನು ಎಲ್ಲಿಯಾದರೂ ಕೊಟ್ಟರೇ? ವಿಜಯಪುರ ಬಾಗಲಕೋಟೆ ಜಿಲ್ಲೆಗಳು ಸಾಯಕಲ್ ಪಟುಗಳ ತವರೆಂದು ನಾಡೆಲ್ಲ ಹೊಗಳುತ್ತದೆ. ಆ ಪಟುಗಳು ಕೂಡ ತಾಲೀಮು ಮಾಡುವುದು ಲಾರಿಗಳು ಹಾಯುವ ಸಡಕುಗಳ ಅಂಚಿನಲ್ಲಿಯೇ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣ ಉಚಿತವಾಯಿತು, ಬಹಳ ಒಳ್ಳೆಯದಾಯಿತು. ಆದರೆ ನಮ್ಮೂರಿಗೆ ಬಸ್ಸು ಬರುವುದು ದಿನಕ್ಕೆ ಎರಡು ಸಲ. ಹೊಲಕ್ಕೆ ಹೋಗುವ ಹೆಂಗಸರಿಗೆ ಬಸ್ಸಿಲ್ಲ. ಅವರು ಬುತ್ತಿಯ ಗಂಟು ಹೊತ್ತು ಸಡಕಿನ ಅಂಚಿಗೇ ನಡೆಯುತ್ತಾರೆ. ನಮ್ಮ ಅವ್ವನೂ ಅವರಲ್ಲಿ ಒಬ್ಬಳು.

ಇನ್ನು ಕುದುರೆಯ ಮಾತು. ಕುದುರೆ ಎಂದಕೂಡಲೆ ಪಟ್ಟಣದ ಮಿತ್ರರಿಗೆ ಜಮಖಂಡಿ, ಮುಧೋಳದ ಸಂಸ್ಥಾನಿಕರು ನೆನಪಾಗಬಹುದು. ಇಲ್ಲವೆ ಮೈಸೂರಿನ ರೇಸು ನೆನಪಾಗಬಹುದು. ನಾನು ಹೇಳುವುದು ಆ ಕುದುರೆಯಲ್ಲ. ನಮ್ಮ ಅಪ್ಪ ಕುರಿ ಕಾಯುವವನು. ಮಳೆಗಾಲ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಊರೂರು ತಿರುಗುವ ಕುರುಬರ ಸಂಗಡ ಒಂದು ಕುಳ್ಳ ಕುದುರೆ ಇರುವುದನ್ನು ತಾವೆಲ್ಲ ಕಂಡಿದ್ದೀರಿ. ಕಂಬಳಿ, ಗಡಿಗೆ, ಹಿಟ್ಟಿನ ಚೀಲ, ಬಲೆ, ಹಾದಿಯಲ್ಲಿ ಈದ ಎಳೆಮರಿ — ಎಲ್ಲವನ್ನೂ ಅದು ಬೆನ್ನ ಮೇಲೆ ಹೊತ್ತು ನಡೆಯುತ್ತದೆ. ಅದು ಶ್ರೀಮಂತನ ಕುದುರೆಯಲ್ಲ, ಬಡವನ ಮನೆ. ನಾನು ಸಣ್ಣವನಿದ್ದಾಗ ಆ ಸಾಮಾನಿನ ಮೇಲೆ ಕುಳಿತು ಅಪ್ಪನ ಸಂಗಡ ಘಟಪ್ರಭೆಯ ದಂಡೆಯವರೆಗೆ ಹೋದ ನೆನಪು ಇನ್ನೂ ಇದೆ.

ನಾನು ಪಿ. ಯು. ಸಿ. ಎರಡನೆಯ ವರ್ಷದಲ್ಲಿದ್ದಾಗ, ಹಂಗಾಮಿನ ದಿನಗಳಲ್ಲಿ, ನಸುಕಿನಲ್ಲಿ ಅಪ್ಪ ಹಿಂಡು ಹೊಡೆದುಕೊಂಡು ಸಡಕಿನ ಮೇಲೆ ಬರುತ್ತಿದ್ದ. ಹಿಂದಿನಿಂದ ಬಂದ ಟ್ರ್ಯಾಕ್ಟರು ಹಾಯ್ದು ಹೋಯಿತು. ಅದರ ಹಿಂದೆ ಎರಡನೆಯದೊಂದು ಟ್ರೇಲರು ಇದೆಯೆಂದು ಕತ್ತಲಲ್ಲಿ ತಿಳಿಯಲಿಲ್ಲ. ಕುದುರೆ ಬೆದರಿ ಒಳಗೆ ಸರಿಯಿತು. ಟ್ರೇಲರಿನ ಮೂಲೆ ಅದರ ಸೊಂಟಕ್ಕೆ ಬಡಿಯಿತು. ಮಧ್ಯಾಹ್ನದವರೆಗೆ ಜೀವ ಹಿಡಿದಿತ್ತು. ಆ ಟ್ರ್ಯಾಕ್ಟರು ಯಾರದು, ಯಾವ ಕಾರಖಾನೆಗೆ ಹೋಗುತ್ತಿತ್ತು ಎಂಬುದನ್ನು ಬರೆದು ಪ್ರಯೋಜನವಿಲ್ಲ. ಓಡಿಸುತ್ತಿದ್ದವನು ನನ್ನಷ್ಟೇ ವಯಸ್ಸಿನವನು. ಎರಡು ರಾತ್ರಿ ನಿದ್ದೆಗೆಟ್ಟವನು. ಇಳಿದು ಬಂದು ಅಪ್ಪನ ಕಾಲು ಹಿಡಿದು ಅತ್ತ. ಅಪ್ಪ ಅವನಿಗೆ ಏನೂ ಅನ್ನಲಿಲ್ಲ. "ಕುದುರೆ ನಡಿಯೂ ಹಾದಿ ಅಲ್ಲೋ ಇದು, ತಮ್ಮಾ" ಎಂದಷ್ಟೇ ಹೇಳಿದ.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಹಾಗಾದರೆ ಕುದುರೆ ನಡೆಯುವ ಹಾದಿ ಯಾವುದು? ಸಾಯಕಲ್ಲಿನ ಹಾದಿ ಯಾವುದು? ನಡೆಯುವವರ ಹಾದಿ ಯಾವುದು? ಈ ಮೂರಕ್ಕೂ ಉತ್ತರ ಒಂದೇ: ಹಳ್ಳದ ದಂಡೆಯ ಹಾದಿ. ಅದನ್ನು ಮತ್ತೆ ತೆರೆಯಬೇಕೆಂಬುದೇ ಈ ಲೇಖನದ ಉದ್ದೇಶ.

ಇದು ನನ್ನ ಸ್ವಂತ ಕನಸೆಂದು ಯಾರೂ ತಿಳಿಯಬಾರದು. ಪ್ರಪಂಚದ ಅನೇಕ ಕಡೆಗಳಲ್ಲಿ ಹೊಳೆ ಹಳ್ಳಗಳ ದಂಡೆಗುಂಟ ನಡೆಯುವವರು, ಸಾಯಕಲ್ಲಿನವರು, ಕುದುರೆಯವರು ಮೂವರೂ ಕೂಡಿ ಬಳಸುವ ಹಾದಿಗಳಿವೆ. ಇಂಗ್ಲಂಡಿನಲ್ಲಿ ಹಳೆಯ ಹಾದಿಗಳನ್ನು ಜಮೀನುದಾರರು ಮುಚ್ಚುತ್ತ ಬಂದಾಗ ಜನ ಸುಮ್ಮನೆ ಕೂಡ್ರಲಿಲ್ಲ. 1932ರಲ್ಲಿ ಕಿಂಡರ್ ಸ್ಕೌಟ್ ಎಂಬ ಗುಡ್ಡದ ಮೇಲೆ ನೂರಾರು ಕಾರ್ಮಿಕ ಯುವಕರು ತಡೆಯನ್ನು ಲೆಕ್ಕಿಸದೆ ನಡೆದುಹೋದರು; ಕೆಲವರು ಸೆರೆಮನೆಯನ್ನೂ ಕಂಡರು. 1949ರ ಕಾಯ್ದೆಯು ಪ್ರತಿಯೊಂದು ಸಾರ್ವಜನಿಕ ಕಾಲುದಾರಿಯನ್ನೂ ಕುದುರೆದಾರಿಯನ್ನೂ ನಕಾಶೆಯಲ್ಲಿ ಗುರುತಿಸಬೇಕೆಂದು ಸ್ಥಳೀಯ ಆಡಳಿತಕ್ಕೆ ವಿಧಿಸಿತು. 1968ರ ಕಾಯ್ದೆಯು ಕುದುರೆದಾರಿಗಳ ಮೇಲೆ ಸಾಯಕಲ್ಲಿನವರಿಗೂ ಹಕ್ಕು ಕೊಟ್ಟಿತು. ಆದರೆ ನಡೆಯುವವರಿಗೂ ಕುದುರೆಯವರಿಗೂ ಸಾಯಕಲ್ಲಿನವನು ಹಾದಿ ಬಿಡಬೇಕೆಂಬ ಕರಾರಿನ ಮೇಲೆ. ಅಮೇರಿಕೆಯ ಹಾದಿಗಳಲ್ಲಿಯೂ ಇದೇ ಪದ್ಧತಿ: ಗಾಲಿಯು ಕಾಲಿಗೆ ಹಾದಿ ಬಿಡಬೇಕು, ಗಾಲಿ ಕಾಲು ಎರಡೂ ಕುದುರೆಗೆ ಹಾದಿ ಬಿಡಬೇಕು. ಎಷ್ಟು ನ್ಯಾಯವಾದ ಮಾತು! ಯಾರ ಕೈಯಲ್ಲಿ ವೇಗವಿದೆಯೋ ಅವನೇ ತಗ್ಗಬೇಕು. ನಮ್ಮ ಸಡಕುಗಳ ಮೇಲೆ ನಡೆಯುತ್ತಿರುವುದು ಇದಕ್ಕೆ ತೀರ ವಿರುದ್ಧ.

ಅಷ್ಟು ದೂರ ಹೋಗುವುದು ಬೇಡವೆಂದರೆ ನಮ್ಮ ರಾಜಧಾನಿಯನ್ನೇ ನೋಡಬಹುದು. ಬೆಂಗಳೂರಿನ ಕೋರಮಂಗಲ ಕಣಿವೆಯ ರಾಜಕಾಲುವೆ ಬಹುಕಾಲ ಗಟಾರವಾಗಿ ಮೂಗು ಮುಚ್ಚಿಕೊಂಡು ಹಾಯುವ ಜಾಗವಾಗಿತ್ತು. ಅದರ ಹೊಲಸು ನೀರನ್ನು ಬೇರ್ಪಡಿಸಿ, ದಂಡೆಗೆ ನಡೆಯುವ ಹಾದಿ ಮಾಡುವ ಕೆಲಸವನ್ನು 'ಕೆ-100' ಎಂಬ ಹೆಸರಿನಿಂದ ಕೈಗೊಂಡರು. ಕೊರಿಯ ದೇಶದ ಸಿಯೋಲ್ ನಗರದಲ್ಲಿ ಹಳ್ಳವೊಂದನ್ನು ಮುಚ್ಚಿ ಅದರ ಮೇಲೆ ಕಟ್ಟಿದ್ದ ಮೇಲ್ಸೇತುವೆಯನ್ನು 2003ರಿಂದ ಕೆಡವಿ, 2005ರಲ್ಲಿ ಹಳ್ಳವನ್ನೂ ಅದರ ದಂಡೆಯ ಹಾದಿಯನ್ನೂ ಜನರಿಗೆ ಒಪ್ಪಿಸಿದರು. ಅವರು ಕೋಟಿಗಟ್ಟಲೆ ಖರ್ಚು ಮಾಡಿ ಹಳ್ಳವನ್ನು ಹುಡುಕಿ ತೆಗೆದರು. ನಮ್ಮ ಹಳ್ಳಗಳು ಇನ್ನೂ ಕಣ್ಣ ಮುಂದೆಯೇ ಇವೆ. ನಾವು ಅವನ್ನು ಕಳೆದುಕೊಳ್ಳುವ ಅವಸರದಲ್ಲಿದ್ದೇವೆ.

ಈಗ ಆಕ್ಷೇಪಣೆಗಳನ್ನು ವಿಚಾರಿಸೋಣ. ಮೊದಲನೆಯ ಆಕ್ಷೇಪಣೆ: "ತಿರುಗಾಡುವ ಹಾದಿ ಪಟ್ಟಣದವರ ಚೈನಿ, ಹಳ್ಳಿಗೆ ಅದು ಏಕೆ?" ನಮ್ಮ ಸೀಮೆಯಲ್ಲಿ ನಡೆಯುವುದು ಚೈನಿಯಲ್ಲ, ಉದ್ಯೋಗ. ಆದರೂ ಚೈನಿಯನ್ನು ನಾನು ಹಳಿಯಲಾರೆ. ವೈದ್ಯರ ಆಜ್ಞೆಯಂತೆ ಬೆಳಿಗ್ಗೆ ನಡೆಯಲು ಹೊರಡುವ ಹಿರಿಯರು, ನಮ್ಮ ಗುರುಗಳಲ್ಲಿಯೂ ಕೆಲವರು, ಬೀಳಗಿಯ ಸಡಕಿನ ಅಂಚಿನಲ್ಲಿ ಒಂದು ಕಣ್ಣು ಮುಂದೆ ಒಂದು ಕಣ್ಣು ಹಿಂದೆ ಇಟ್ಟು ನಡೆಯುವುದನ್ನು ನಾನು ದಿನಾಲು ಕಾಣುತ್ತೇನೆ. ಸಕ್ಕರೆ ರೋಗಕ್ಕೆ ಔಷಧವಾಗಿ ಸಕ್ಕರೆ ಕಾರಖಾನೆಯ ಟ್ರ್ಯಾಕ್ಟರಿನ ಎದುರು ನಡೆಯುವುದು ಯಾವ ಶಾಸ್ತ್ರದಲ್ಲಿ ಹೇಳಿದೆಯೋ! ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಚಿಕ್ಕಸಂಗಮ, ಹೆರಕಲ್ಲಿನ ಕಡೆಗೆ ರಾಜಹಂಸಗಳು ಬರುತ್ತವೆ. ದೂರದ ಊರಿನವರು ಕ್ಯಾಮರಾ ಹಿಡಿದು ಬಂದು ನೋಡುತ್ತಾರೆ. ನಮ್ಮ ಶಾಲೆಯ ಮಕ್ಕಳು ಅವನ್ನು ಪತ್ರಿಕೆಯಲ್ಲಿ ನೋಡುತ್ತಾರೆ. ನೀರಿನವರೆಗೆ ಒಂದು ನೆಟ್ಟಗಿನ ಹಾದಿಯಿದ್ದರೆ ಹೀಗಾಗುತ್ತಿತ್ತೇ?

ಎರಡನೆಯದು: "ಎರಿಮಣ್ಣಿನಲ್ಲಿ ಹಾದಿ ನಿಲ್ಲುವುದಿಲ್ಲ." ಇದು ನಿಜವಾದ ಮಾತು. ಒಂದು ಮಳೆ ಬಿದ್ದರೆ ಸಾಯಕಲ್ಲಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಸಿಕ್ಕು, ಸಾಯಕಲ್ಲಿನ ಮೇಲೆ ನಾವು ಕೂಡ್ರುವ ಬದಲು ಸಾಯಕಲ್ಲೇ ನಮ್ಮ ಹೆಗಲೇರುತ್ತದೆ. ಆದರೆ ಬೀಳಗಿಯ ಸುತ್ತಲಿನ ಮಡ್ಡಿಗಳಲ್ಲಿ ಗರಸಿಗೆ ಕೊರತೆಯಿಲ್ಲ. ದಂಡೆಯ ಎತ್ತರದ ಭಾಗದಲ್ಲಿ ಗರಸು ಹಾಕಿ ಕುಟ್ಟಿದರೆ ಸಾಕು; ಹಳ್ಳ ದಾಟುವಲ್ಲಿ ಫರಸಿ ಹಾಸಿದರೆ ಸಾಕು. ಸಿಮೆಂಟು ಬೇಡವೇ ಬೇಡ. ಸಿಮೆಂಟಿನ ಮೇಲೆ ಕುದುರೆಯ ಗೊರಸು ಜಾರುತ್ತದೆ, ಮಹಾಪೂರ ಬಂದರೆ ಸಿಮೆಂಟು ಅಡಿಯಿಂದ ಕೊರೆದು ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಸಿಮೆಂಟು ಕಂಡರೆ ಮರುದಿನವೇ ಟ್ರ್ಯಾಕ್ಟರು ಬರುತ್ತದೆ. 'ನಮ್ಮ ಹೊಲ ನಮ್ಮ ದಾರಿ' ಎಂಬ ಹೆಸರಿನಿಂದ ಉದ್ಯೋಗ ಖಾತರಿಯ ಹಣದಲ್ಲಿ ಹೊಲದ ದಾರಿಗಳನ್ನು ಮಾಡಿದ ಅನುಭವ ನಮ್ಮ ಪಂಚಾಯತಿಗಳಿಗೆ ಇದೆ. ಕೆಲಸ ಹೊಸದೇನೂ ಅಲ್ಲ. ಹಾದಿಯ ಎರಡೂ ತುದಿಗೆ ಗಟ್ಟಿಯಾದ ಕಲ್ಲಿನ ಕಂಬ ಹುಗಿದರೆ, ಕುದುರೆ ಹಾಯುತ್ತದೆ, ಸಾಯಕಲ್ಲು ಹಾಯುತ್ತದೆ, ಟ್ರೇಲರು ಹಾಯುವುದಿಲ್ಲ.

ಮೂರನೆಯದು: "ಹೇಗೂ ಮುಳುಗುವ ಸೀಮೆ, ಹಾದಿ ಮಾಡಿ ಫಲವೇನು?" ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ನಮ್ಮಲ್ಲಿ ಪ್ರತಿಯೊಂದು ಕಟ್ಟೆಯ ಮೇಲೂ ನಡೆದಿದೆ. ಮುಳುಗಡೆಯ ನೋವು ಈ ಜಿಲ್ಲೆಗೆ ಹೊಸದಲ್ಲ. ನನ್ನ ಗೆಳೆಯರಲ್ಲಿ ಅನೇಕರು ಪುನರ್ವಸತಿ ಕೇಂದ್ರಗಳಲ್ಲಿಯೇ ಹುಟ್ಟಿದವರು. ಆದರೆ ನೀರು ಏರಿದರೆ ಹಳ್ಳದ ಕೆಳಗಿನ ಭಾಗ ಹೋದೀತು, ಮೇಲಿನ ಭಾಗ ಉಳಿದೀತು. ಮುಳುಗುವ ಮನೆಗೂ ನಾವು ದೀಪಾವಳಿಗೆ ಸುಣ್ಣ ಹಚ್ಚುತ್ತೇವಲ್ಲವೆ? ಹೊಸ ಊರು ಕಟ್ಟುವಾಗ ಓಣಿ, ಗಟಾರ, ಶಾಲೆಗಳ ನಕಾಶೆಯ ಸಂಗಡ ಹೀಗೊಂದು ಹಾದಿಯನ್ನೂ ಎಳೆದರೆ ಮುಂದಿನವರು ನೆನೆಯುತ್ತಾರೆ. ಇದರ ಜೊತೆಗೆ ಒಂದು ಎಚ್ಚರವನ್ನು ನಾನೇ ಹೇಳಬೇಕು. ಬೀಳಗಿ ಮುಧೋಳ ತಾಲೂಕುಗಳ ನಡುವೆ 2016ರಲ್ಲಿ ಯಡಹಳ್ಳಿಯ ಚಿಂಕಾರ ವನ್ಯಜೀವಿಧಾಮವಾಯಿತು. ಅದರ ವಿಸ್ತಾರ ಸುಮಾರು 96 ಚದರ ಕಿಲೋಮೀಟರು. ನಾಚಿಕೆಯ ಪ್ರಾಣಿಗಳ ಆ ನೆಲೆಯಲ್ಲಿ ನಮ್ಮ ಸಾಯಕಲ್ಲಿನ ಗಂಟೆ ಬಾರಿಸಬಾರದು. ಹಾದಿ ಎಲ್ಲಿ ಬೇಕೆಂದು ತಿಳಿಯುವಷ್ಟೇ, ಎಲ್ಲಿ ಬೇಡವೆಂದು ತಿಳಿಯುವುದೂ ಮುಖ್ಯ.

ನಾಲ್ಕನೆಯ ಆಕ್ಷೇಪಣೆಯೇ ಎಲ್ಲಕ್ಕೂ ದೊಡ್ಡದು: "ಭೂಮಿ ಯಾರು ಕೊಡಬೇಕು?" ಇದಕ್ಕೆ ನಾನು ಮೊದಲು ಲೆಕ್ಕದಿಂದ ಉತ್ತರ ಹೇಳುತ್ತೇನೆ. ಎಂಟು ಅಡಿ ಅಗಲದ ಹಾದಿ ಒಂದು ಮೈಲು ಉದ್ದಕ್ಕೆ ತಿನ್ನುವುದು 42,240 ಚದರ ಅಡಿ, ಅಂದರೆ ಸುಮಾರು 39 ಗುಂಟೆ. ಪೂರ್ತಿ ಒಂದು ಎಕರೆಯೂ ಅಲ್ಲ. ಒಂದು ಮೈಲಿನುದ್ದಕ್ಕೂ ಹೊಲವಿರುವ ಎಲ್ಲ ರೈತರಲ್ಲಿ ಇದನ್ನು ಹಂಚಿದರೆ ಒಬ್ಬೊಬ್ಬನ ಪಾಲಿಗೆ ಬರುವುದು ಒಂದೆರಡು ಗುಂಟೆ. ಎರಡನೆಯದಾಗಿ, ಇದು ಕೊಡುವ ಭೂಮಿಯೇ ಅಲ್ಲ, ಬಿಡುವ ಭೂಮಿ. 1964ರ ಭೂಕಂದಾಯ ಕಾಯ್ದೆಯ 67ನೆಯ ಕಲಮಿನಂತೆ ಸಾರ್ವಜನಿಕ ಹಾದಿಗಳು, ಹಳ್ಳಗಳು, ನಾಲೆಗಳು, ಬೇರೆಯವರ ಸ್ವತ್ತೆಂದು ಸಿದ್ಧವಾಗದ ಹೊರತು, ಸರಕಾರದ ಸ್ವತ್ತು. ಊರಿನ ನಕಾಶೆಯಲ್ಲಿ ಕಾಲುದಾರಿಗೆ ಚುಕ್ಕೆಗಳ ಒಂದು ಗೆರೆ, ಗಾಡಿದಾರಿಗೆ ಚುಕ್ಕೆಗಳ ಎರಡು ಗೆರೆ ಇರುತ್ತವೆ. 'ನಕಾಶೆ ಕಂಡ ದಾರಿ' ಎಂದು ನಮ್ಮ ಹಿರಿಯರು ಅನ್ನುವುದು ಇದಕ್ಕೇ.

ಈ ಮಾತನ್ನು ಕೇಳಿದ್ದೆನಾದರೂ ನಂಬಿದ್ದಿಲ್ಲ. ಕಳೆದ ವರ್ಷ ನಮ್ಮೂರಿನ ನಕಾಶೆಯ ಪ್ರತಿಯನ್ನು ತೆಗೆಸಿ ತಂದು, ಮನೆಯ ಪಡಸಾಲೆಯಲ್ಲಿ ಬಿಚ್ಚಿ ಹಾಸಿದೆ. ಹಳ್ಳದ ಮಗ್ಗುಲಿಗೆ ಎರಡು ಚುಕ್ಕೆಗೆರೆಗಳು ಸ್ಪಷ್ಟವಾಗಿದ್ದವು. ಒತ್ತಿದವರು ಯಾರು ಯಾರೆಂದು ನೋಡುವ ಉತ್ಸಾಹದಿಂದ ಒಂದೊಂದೇ ಸರ್ವೆ ನಂಬರಿನ ಮೇಲೆ ಬೆರಳಿಟ್ಟು ಹೋದೆ. ಬೆರಳು ನಮ್ಮ ನಂಬರಿನ ಮೇಲೆ ಬಂದು ನಿಂತಿತು. ಹಳ್ಳದ ದಂಡೆಗೆ ನಮ್ಮದೂ ಎರಡು ಎಕರೆ ಹೊಲವಿದೆ. ಮರುದಿನ ಹಗ್ಗ ಹಿಡಿದು ಅಳೆದೆ. ಇನ್ನೂರು ಅಡಿ ಉದ್ದಕ್ಕೆ ಆ ಹಾದಿ ನಮ್ಮ ಕಬ್ಬಿನ ಸಾಲುಗಳ ಅಡಿಯಲ್ಲಿತ್ತು.

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಬರೆಯದಿದ್ದರೆ ಮೇಲಿನದೆಲ್ಲ ಸುಳ್ಳಾಗುತ್ತದೆ. ಯಾವ ಹಾದಿಯಿಲ್ಲದೆ ಅಪ್ಪನ ಕುದುರೆ ಸಡಕಿನ ಮೇಲೆ ಸತ್ತಿತೋ, ಆ ಹಾದಿಯನ್ನು ಮುಚ್ಚಿದವರಲ್ಲಿ ಅಪ್ಪನೂ ಒಬ್ಬ. ನನ್ನ ಫೀಯ ರೊಕ್ಕದಲ್ಲಿ ಆ ಸಾಲುಗಳ ಕಬ್ಬಿನದೂ ಪಾಲಿದೆ.

ಅಪ್ಪನನ್ನು ಕೇಳಿದೆ. ಅವನು ಸಿಟ್ಟಾಗಲಿಲ್ಲ. "ಮ್ಯಾಲಿನ ಹೊಲದಾವ್ರು ಮೊದಲ ಒತ್ತಿದ್ರು, ಕೆಳಗಿನಾವ್ರೂ ಒತ್ತಿದ್ರು. ನಡಬರ್ಕ ನಾನೊಬ್ಬ ಬಿಟ್ರ ಆ ತುಂಡ ಹಾದ್ಯಾಗ ಯಾರ ನಡೀತಾರು?" ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಅವನ ಮಾತಿನಲ್ಲಿ ನ್ಯಾಯವಿಲ್ಲದಿದ್ದರೂ ಸತ್ಯವಿತ್ತು. ಹಾದಿ ಎಂಬುದು ಒಬ್ಬನಿಂದ ಕೆಡಬಲ್ಲುದು, ಒಬ್ಬನಿಂದ ಆಗಲಾರದು. ಹಾಗೆಂದೇ ಇದು ಕಾಯ್ದೆಯ ಒಂದು ನೋಟೀಸಿನಿಂದ ಮುಗಿಯುವ ಕೆಲಸವಲ್ಲ. ಅಧಿಕಾರಿಗಳು ಬಂದು ಒಬ್ಬನ ಹೊಲದಲ್ಲಿ ಕಲ್ಲು ನೆಟ್ಟರೆ ಅದು ಅವಮಾನವೆನಿಸುತ್ತದೆ; ಊರ ಸಭೆಯಲ್ಲಿ ಎಲ್ಲರೂ ಒಂದೇ ದಿನ ಬಿಟ್ಟರೆ ಅದು ಮರ್ಯಾದೆಯಾಗುತ್ತದೆ. ಆದ್ದರಿಂದ ಮೊದಲು ನಕಾಶೆ ಗ್ರಾಮಸಭೆಯ ಮುಂದೆ ಬರಲಿ. ಒತ್ತಿದವರ ಹೆಸರು ಓದದೆ ಹಾದಿಯ ಅಳತೆಯನ್ನು ಮಾತ್ರ ಓದಲಿ. ಬೆಳೆ ಕಟಾವಾಗುವವರೆಗೆ ಅವಧಿ ಕೊಡಲಿ. ಆಮೇಲೆ ಒಂದು ಹಾದಿಯನ್ನಾದರೂ ತಾಲೂಕಿನಲ್ಲಿ ಮಾಡಿ ತೋರಿಸಲಿ. 2025ರಲ್ಲಿ ನಮ್ಮ ವಿಧಾನಮಂಡಲವು ಸಂಚಾರಿ ಕುರಿಗಾಹಿಗಳ ರಕ್ಷಣೆಗಾಗಿ ವಿಧೇಯಕವೊಂದನ್ನು ಒಪ್ಪಿತು. ರಕ್ಷಣೆಯೆಂಬುದು ಕಾಗದದಿಂದ ಇಳಿದು ನೆಲಕ್ಕೆ ಬರುವುದಾದರೆ ಅದು ಮೊದಲು ಇಡಬೇಕಾದ ಹೆಜ್ಜೆ ಇಂಥ ಹಾದಿಯ ಮೇಲೆ.

ನಮ್ಮ ಕಾಲೇಜಿನಿಂದಲೂ ಆಗತಕ್ಕ ಕೆಲಸವಿದೆ. ಪ್ರತಿವರ್ಷ ಎನ್. ಎಸ್. ಎಸ್. ಶಿಬಿರದಲ್ಲಿ ನಾವು ಒಂದು ಹಳ್ಳಿಗೆ ಹೋಗಿ ಏಳು ದಿನ ಗುಡಿಯ ಅಂಗಳ ಗುಡಿಸಿ, ಗಿಡ ನೆಟ್ಟು ಬರುತ್ತೇವೆ. ನೆಟ್ಟ ಗಿಡ ಮುಂದಿನ ವರ್ಷ ಇರುತ್ತದೆಯೋ ಇಲ್ಲವೋ ದೇವರೇ ಬಲ್ಲ. ಮುಂದಿನ ಶಿಬಿರದಲ್ಲಿ ಒಂದು ಹಳ್ಳದ ಹಾದಿಯನ್ನು ನಡೆದು, ಎಲ್ಲಿ ತೆರೆದಿದೆ, ಎಲ್ಲಿ ಮುಚ್ಚಿದೆ, ಎಲ್ಲಿ ಫರಸಿ ಬೇಕು ಎಂದು ಬರೆದುಕೊಂಡು, ನಕಾಶೆಗೆ ಹೋಲಿಸಿ ಪಂಚಾಯತಿಗೆ ಒಪ್ಪಿಸಬಾರದೇಕೆ? ಭೂಗೋಲದ ಗುರುಗಳು ಅಳತೆ ಕಲಿಸಲಿ, ಇತಿಹಾಸದ ಗುರುಗಳು ಹಿರಿಯರ ನೆನಪುಗಳನ್ನು ಬರೆಯಿಸಲಿ, ರಾಜ್ಯಶಾಸ್ತ್ರದ ಗುರುಗಳು ಕಲಮು ವಿವರಿಸಲಿ. ಜಾಲಿಕಂಟಿ ಕಡಿಯುವ ಕೆಲಸಕ್ಕೆ ನಾವಿದ್ದೇವೆ.

ಈ ಸಲದ ಕಬ್ಬು ಕಟಾವಾದ ಮೇಲೆ ಅಪ್ಪ ಕೂಳೆ ಬಿಡುವಾಗ ಹಳ್ಳದ ಕಡೆಯ ಸಾಲುಗಳನ್ನು ಕಿತ್ತು ಹಾಕಿದ. ಯಾಕೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಈಗ ನಮ್ಮ ಹೊಲದ ಅಂಚಿಗೆ ಇನ್ನೂರು ಅಡಿ ಉದ್ದದ, ಎಂಟು ಅಡಿ ಅಗಲದ ಒಂದು ಹಾದಿಯಿದೆ. ಅದಕ್ಕೆ ಹಿಂದಿಲ್ಲ, ಮುಂದಿಲ್ಲ. ಎರಡೂ ಕಡೆಗೆ ಕಬ್ಬು. ಸಾಯಂಕಾಲ ಅಪ್ಪ ಅಲ್ಲಿ ಮರಿಗಳನ್ನು ಮೇಯಿಸುತ್ತಾನೆ. ಪರೀಕ್ಷೆ ಮುಗಿದ ಮೇಲೆ ನಾನು ಮೇಲಿನ ಹೊಲದವರನ್ನೂ ಕೆಳಗಿನ ಹೊಲದವರನ್ನೂ ಕಂಡು ಮಾತಾಡಬೇಕೆಂದಿದ್ದೇನೆ. ಅವರು ಬೈಯಬಹುದು, ನಗಬಹುದು. ವಾಚಕ ಮಿತ್ರರಲ್ಲಿ ಯಾರ ಹೊಲವಾದರೂ ಹಳ್ಳದ ದಂಡೆಗೆ ಇದ್ದರೆ, ತಮ್ಮೂರಿನ ನಕಾಶೆಯನ್ನು ಒಮ್ಮೆ ಬಿಚ್ಚಿ ನೋಡಬೇಕೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.